ಒಳಫ್ಲ್ಯಾಶ್‌ನ ಬಿರುಸು ಬೆಳಕು: ದೋಷ ಪತ್ತೆ ಮತ್ತು ಮನೆಯಲ್ಲೇ ಮಾಡುವ ಡಿಫ್ಯೂಸರ್

ನವರಾತ್ರಿಯಲ್ಲಿ ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸಿದಾಗಲಾಗಲಿ, ಮಂಡ್ಯದ ಕಡೆಯ ಗೃಹಪ್ರವೇಶ, ಸೀಮಂತ, ನಾಮಕರಣಗಳಲ್ಲಾಗಲಿ, ಹೆಚ್ಚಿನವರ ಬಳಿ ಇರುವುದು ಕ್ಯಾಮೆರಾದ ತಲೆಯ ಮೇಲೆ ತಾನಾಗಿ ಎದ್ದು ನಿಲ್ಲುವ ಸಣ್ಣ ಫ್ಲ್ಯಾಶ್, ಎಂದರೆ ಒಳಫ್ಲ್ಯಾಶ್, ಒಂದೇ. ಅದರಿಂದ ತೆಗೆದ ಚಿತ್ರಗಳ ಬಗ್ಗೆ ಕೇಳಿಬರುವ ದೂರುಗಳು ಹಲವು: ಮುಖ ಸುಣ್ಣ ಬಳಿದಂತೆ ಬೆಳ್ಳಗಾಗಿದೆ, ಹಿಂದಿನ ಗೋಡೆಯ ಮೇಲೆ ಕತ್ತರಿಸಿಟ್ಟಂಥ ಕಪ್ಪು ನೆರಳು ಬಿದ್ದಿದೆ, ಬೆಳ್ಳಿ ತಟ್ಟೆಯ ನಡುವೆ ಬಿಳಿ ಚುಕ್ಕೆ ಕೂತಿದೆ, ದೀಪದ ಬೆಳಕೆಲ್ಲ ಮಾಯವಾಗಿ ಹಿನ್ನೆಲೆ ಕತ್ತಲಾಗಿದೆ. ಇಷ್ಟಕ್ಕೂ ಒಂದೇ ಮದ್ದು ಎಂಬಂತೆ ಫ್ಲ್ಯಾಶ್‌ನ ಮುಖಕ್ಕೆ ಟಿಶ್ಯೂ ಕಾಗದವನ್ನೋ ಕರವಸ್ತ್ರವನ್ನೋ ಕಟ್ಟುವುದು ರೂಢಿಯಾಗಿದೆ. ಆದರೆ ಈ ದೂರುಗಳ ಮೂಲ ಬೇರೆ ಬೇರೆ. ಬೆಳಕಿನ ಪ್ರಮಾಣ ಹೆಚ್ಚಾದದ್ದು ಒಂದು ದೋಷ, ಬೆಳಕಿನ ಮೂಲ ತೀರ ಚಿಕ್ಕದಾದದ್ದು ಇನ್ನೊಂದು, ಅದು ಲೆನ್ಸಿನ ಪಕ್ಕದಲ್ಲೇ ಇರುವುದು ಮತ್ತೊಂದು. ಯಾವುದು ಯಾವುದೆಂದು ತಿಳಿದ ಮೇಲೆ ಮಾತ್ರ ಡಿಫ್ಯೂಸರ್ (ಬೆಳಕನ್ನು ಹರಡಿ ಮೃದುಗೊಳಿಸುವ ಪರದೆ) ಮಾಡುವ ಶ್ರಮ ಸಾರ್ಥಕವಾಗುತ್ತದೆ.

ಗಡುಸು ನೆರಳಿನ ಕಾರಣ

ನೆರಳಿನ ಅಂಚು ಮೃದುವಾಗಿರುವುದೋ ಗಡುಸಾಗಿರುವುದೋ ಎಂಬುದನ್ನು ನಿರ್ಧರಿಸುವುದು, ವಸ್ತುವಿರುವ ಜಾಗದಿಂದ ನೋಡಿದಾಗ ಬೆಳಕಿನ ಮೂಲ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಅಂಶ. ಒಳಫ್ಲ್ಯಾಶ್‌ನ ಕಿಟಕಿ ಸುಮಾರು 4 ಸೆಂಟಿಮೀಟರ್ ಅಗಲವಿರುತ್ತದೆ ಎಂದುಕೊಳ್ಳೋಣ. ನಾಲ್ಕೂವರೆ ಮೀಟರ್ ದೂರದಲ್ಲಿ ನಿಂತವರ ಕಣ್ಣಿಗೆ ಅದು ಅರ್ಧ ಡಿಗ್ರಿಯಷ್ಟು, ಎಂದರೆ ಆಕಾಶದಲ್ಲಿ ಸೂರ್ಯ ಕಾಣುವಷ್ಟೇ ಅಗಲವಾಗಿ ಕಾಣುತ್ತದೆ. ಮೋಡವಿಲ್ಲದ ನಡುಹಗಲಿನಲ್ಲಿ ಬೀಳುವಂಥ ನೆರಳೇ ಆಗ ಗೋಡೆಯ ಮೇಲೂ ಬೀಳುತ್ತದೆ. ಎರಡು ಮೀಟರಿಗೆ ಹತ್ತಿರ ಬಂದರೂ ಆ ಅಗಲ ಒಂದು ಡಿಗ್ರಿಗಿಂತ ತುಸು ಹೆಚ್ಚು, ಅಷ್ಟೆ.

ಇದರ ಜೊತೆಗೆ ದೂರದ ನಿಯಮವೂ ಸೇರಿಕೊಳ್ಳುತ್ತದೆ. ದೂರ ಎರಡು ಪಟ್ಟಾದರೆ ತಲುಪುವ ಬೆಳಕು ನಾಲ್ಕನೇ ಒಂದು ಭಾಗಕ್ಕೆ, ಮೂರು ಪಟ್ಟಾದರೆ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ ಕೂತ ಮಗುವಿನ ಮುಖ ಸರಿಯಾಗಿ ಬಂದರೆ ಮೂರು ಮೀಟರ್ ದೂರದಲ್ಲಿ ನಿಂತ ಅಜ್ಜಿಯ ಮುಖ ಕಪ್ಪಾಗುವುದು ಈ ಕಾರಣಕ್ಕೆ. ಫ್ಲ್ಯಾಶ್‌ನ ಮುಂದೆ ಯಾವ ಕಾಗದ ಹಿಡಿದರೂ ಈ ಅಂತರ ಕಡಿಮೆಯಾಗುವುದಿಲ್ಲ.

ಮೊದಲು ಪರೀಕ್ಷೆ

ಒಂದು ಬಿಳಿ ಗೋಡೆಯಿಂದ ಸುಮಾರು 30 ಸೆಂಟಿಮೀಟರ್ ಮುಂದೆ ಏಣುಗಳಿರುವ ಯಾವುದಾದರೂ ವಸ್ತುವನ್ನು ಇಡಬೇಕು. ಪಟ್ಟದ ಗೊಂಬೆ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೊಂದಿಲ್ಲ, ಏಕೆಂದರೆ ರಾಜನ ಕಿರೀಟದ ಮೊನೆಗಳು ಗೋಡೆಯ ಮೇಲೆ ಒಂದೊಂದಾಗಿ ಮೂಡುತ್ತವೆ. ಗೊಂಬೆಯಿಂದ ಒಂದು ಮೀಟರ್ ದೂರದಲ್ಲಿ ಕ್ಯಾಮೆರಾವನ್ನು ಮೇಜಿನ ಮೇಲೆ ಅಲುಗದಂತೆ ಇರಿಸಿ, ಮ್ಯಾನ್ಯುಯಲ್ ಮೋಡ್‌ನಲ್ಲಿ ಶಟರ್ 1/125, ಅಪರ್ಚರ್ (ಲೆನ್ಸಿನ ಕಿಂಡಿಯ ಅಳತೆ) ಎಫ್/5.6, ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಸ್ಪಂದಿಸುವ ಮಟ್ಟ) 200 ಎಂದು ನಿಗದಿಮಾಡಿ, ಮೂರು ಚಿತ್ರ ತೆಗೆಯಬೇಕು: ಫ್ಲ್ಯಾಶ್ ಇದ್ದಂತೆಯೇ ಒಂದು, ಫ್ಲ್ಯಾಶ್‌ನ ಬಲವನ್ನು ಏರಿಳಿಸುವ ಫ್ಲ್ಯಾಶ್ ಕಾಂಪೆನ್ಸೇಷನ್ ಅನ್ನು ಒಂದು ಸ್ಟಾಪ್ (ಎಂದರೆ ಬೆಳಕು ಅರ್ಧವಾಗುವಷ್ಟು) ಇಳಿಸಿ ಇನ್ನೊಂದು, ನೀವು ಮಾಡಿದ ಡಿಫ್ಯೂಸರ್ (ಮಾಡುವ ಕ್ರಮ ಮುಂದೆ ಇದೆ) ಹಾಕಿ ಮೂರನೆಯದು.

ಆಮೇಲೆ ಮೂರನ್ನೂ ಪರದೆಯ ಮೇಲೆ ದೊಡ್ಡದು ಮಾಡಿ ಕಿರೀಟದ ನೆರಳನ್ನು ಮಾತ್ರ ನೋಡಬೇಕು. ಮೊದಲನೆಯದರಲ್ಲಿಯೂ ಮೂರನೆಯದರಲ್ಲಿಯೂ ಮೊನೆಗಳು ಒಂದೇ ರೀತಿ ಚೂಪಾಗಿದ್ದರೆ ನಿಮ್ಮ ಡಿಫ್ಯೂಸರ್ ಬೆಳಕನ್ನು ತಿನ್ನುತ್ತಿದೆಯೇ ಹೊರತು ಮೃದುಗೊಳಿಸುತ್ತಿಲ್ಲ. ಮೊನೆಗಳು ಒಂದರೊಳಗೊಂದು ಕರಗಿ ಅಂಚು ಅಗಲವಾಗಿದ್ದರೆ ಬೆಳಕಿನ ಮೂಲ ನಿಜವಾಗಿಯೂ ದೊಡ್ಡದಾಗಿದೆ. ಅಂಚು ಚೂಪಾಗಿಯೇ ಉಳಿದು ನೆರಳಿನ ಒಳಗಿನ ಕಪ್ಪು ಮಾತ್ರ ಬೂದುಬಣ್ಣಕ್ಕೆ ತಿರುಗಿದ್ದರೆ, ಬೆಳಕು ಕೋಣೆಯ ಗೋಡೆ ಮತ್ತು ಸೂರಿಗೆ ಬಡಿದು ಹಿಂದಿರುಗಿ ನೆರಳನ್ನು ತುಂಬುತ್ತಿದೆ ಎಂದು ತಿಳಿಯಬೇಕು. ಹಾಗಿದ್ದರೆ ಇದೇ ಡಿಫ್ಯೂಸರ್ ಬಯಲಿನಲ್ಲಿ ಕೆಲಸ ಮಾಡುವುದಿಲ್ಲ. ಈ ಮೂರು ಫಲಿತಾಂಶಗಳನ್ನು ಬೇರ್ಪಡಿಸಿ ನೋಡಲು ಕಲಿತರೆ ಮುಂದಿನ ಕೆಲಸದ ಅರ್ಧ ಮುಗಿದ ಹಾಗೆ.

ಮುಖ ಬೆಳ್ಳಗಾಗುವುದು

ಇದು ಪ್ರಮಾಣದ ದೋಷ. ಮೊದಲು ಮಾಡಬೇಕಾದದ್ದು ಫ್ಲ್ಯಾಶ್ ಕಾಂಪೆನ್ಸೇಷನ್ ಅನ್ನು ಮೂರನೇ ಎರಡು ಭಾಗದಿಂದ ಒಂದು ಸ್ಟಾಪ್‌ನವರೆಗೆ ಇಳಿಸುವುದು ಮತ್ತು ಒಂದು ಹೆಜ್ಜೆ ಹಿಂದೆ ಸರಿಯುವುದು. ಟಿಶ್ಯೂ ಕಾಗದ ಕಟ್ಟಿದ ಮೇಲೂ ಮುಖ ಬೆಳ್ಳಗೆ ಬರುತ್ತಿದೆ ಎಂದು ಹಲವರು ಬೇಸರಪಡುತ್ತಾರೆ. ಅದಕ್ಕೆ ಕಾರಣ ಟಿಟಿಎಲ್ (ಥ್ರೂ ದ ಲೆನ್ಸ್) ಅಳತೆ. ಕ್ಯಾಮೆರಾ ಮೊದಲು ಒಂದು ಸಣ್ಣ ಮಿಂಚನ್ನು ಹೊರಡಿಸಿ, ಲೆನ್ಸಿನ ಮೂಲಕ ಹಿಂದಿರುಗಿದ ಬೆಳಕನ್ನು ಅಳೆದು, ಆಮೇಲೆ ನಿಜವಾದ ಮಿಂಚಿನ ಬಲವನ್ನು ಗೊತ್ತುಮಾಡುತ್ತದೆ. ನೀವು ಕಾಗದ ಅಡ್ಡವಿಟ್ಟರೆ ಅಷ್ಟು ಬೆಳಕು ಕಡಿಮೆ ಬಂದಿತೆಂದು ಅದು ತಿಳಿದು, ಬಲವನ್ನು ಅಷ್ಟೇ ಏರಿಸುತ್ತದೆ. ಫ್ಲ್ಯಾಶ್ ತನ್ನ ಪೂರ್ಣ ಬಲವನ್ನು ಮುಟ್ಟುವವರೆಗೂ ಚಿತ್ರದ ಬೆಳಕಿನ ಪ್ರಮಾಣ ಬದಲಾಗುವುದೇ ಇಲ್ಲ.

ಹಿನ್ನೆಲೆಯೂ ಈ ಅಳತೆಯನ್ನು ದಾರಿ ತಪ್ಪಿಸುತ್ತದೆ. ಹಳೆಯ ಮನೆಯ ಕಪ್ಪು ಮರದ ಬಾಗಿಲಿನ ಮುಂದೆ ನಿಲ್ಲಿಸಿ ತೆಗೆದರೆ ಮುಖ ಬೆಳ್ಳಗಾಗುತ್ತದೆ. ಬಿಳಿ ಪಂಚೆ ಹಾಸಿದ ಗೊಂಬೆ ಮೆಟ್ಟಿಲುಗಳನ್ನು ತೆಗೆದರೆ ಗೊಂಬೆಗಳೆಲ್ಲ ಮಂಕಾಗುತ್ತವೆ, ಅಲ್ಲಿ ಕಾಂಪೆನ್ಸೇಷನ್ ಅನ್ನು ಏರಿಸಬೇಕು. ಹಣೆ ಮತ್ತು ಮೂಗಿನ ಮೇಲೆ ಮಾತ್ರ ಬಿಳಿ ಮಿಂಚು ಕಾಣಿಸಿದರೆ ಅದು ಬೆವರು ಅಥವಾ ಎಣ್ಣೆಯ ಜಿಡ್ಡು. ಸೀಮಂತದ ಹಸೆಯ ಮೇಲೆ ಗಂಟೆಗಟ್ಟಲೆ ಕೂತವರ ಕೈಗೆ ಒಂದು ಒಣ ಕರವಸ್ತ್ರ ಕೊಡುವುದು ಯಾವ ಉಪಕರಣಕ್ಕಿಂತಲೂ ಬೇಗ ಫಲ ಕೊಡುತ್ತದೆ.

ನೆರಳಿನ ಅಂಚನ್ನು ಮೃದುಗೊಳಿಸುವುದು

ಡಿಫ್ಯೂಸರ್‌ನ ನಿಜವಾದ ಕೆಲಸ ಇಲ್ಲಿದೆ, ಆದ್ದರಿಂದ ಇದನ್ನು ವಿವರವಾಗಿ ಹೇಳುತ್ತೇನೆ. ಫ್ಲ್ಯಾಶ್‌ನ ಕಿಟಕಿಗೆ ಅಂಟಿದಂತೆ ಕಾಗದ ಇಟ್ಟರೆ ಬೆಳಗುವ ಜಾಗ ಕಿಟಕಿಯಷ್ಟೇ ಉಳಿಯುತ್ತದೆ. ಕಾಗದವನ್ನು 8ರಿಂದ 10 ಸೆಂಟಿಮೀಟರ್ ಮುಂದೆ ಹಿಡಿದರೆ, ಅಷ್ಟರಲ್ಲಿ ಬೆಳಕು ಹರಡಿಕೊಂಡು ಇಡೀ ಕಾಗದವನ್ನು ಬೆಳಗುತ್ತದೆ, ಆ ಕಾಗದವೇ ಹೊಸ ಬೆಳಕಿನ ಮೂಲವಾಗುತ್ತದೆ. ಹೀಗಾಗಿ ಕಾಗದದ ಬಗೆಗಿಂತ ಅದರ ಅಳತೆಗೂ ಫ್ಲ್ಯಾಶ್‌ನಿಂದ ಅದಕ್ಕಿರುವ ದೂರಕ್ಕೂ ಹೆಚ್ಚು ಮಹತ್ವವಿದೆ.

ಮೈಸೂರುಪಾಕು ಕಟ್ಟಿಕೊಡುವ ರಟ್ಟಿನ ಡಬ್ಬಿ, ಒಳಬದಿ ಬಿಳಿಯಾಗಿದ್ದರೆ, ಇದಕ್ಕೆ ಬಹಳ ಅನುಕೂಲ. ಡಬ್ಬಿಯ ತಳವನ್ನು ಸುಮಾರು 15 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಚೌಕಟ್ಟಾಗಿ ಉಳಿಸಿಕೊಂಡು ನಡುಭಾಗವನ್ನು ಕತ್ತರಿಸಿ ತೆಗೆದು, ಆ ಕಿಂಡಿಗೆ ಟ್ರೇಸಿಂಗ್ ಪೇಪರ್ ಅಂಟಿಸಬೇಕು. ಡಬ್ಬಿಯೊಳಗೆ ಸಿಹಿಯ ಅಡಿಯಲ್ಲಿ ಹಾಸಿದ್ದ ಬಟರ್ ಪೇಪರ್ ಅನ್ನೇ ಬಳಸಬಾರದು: ತುಪ್ಪ ಹೀರಿದ ಜಾಗಗಳಲ್ಲಿ ಅದು ಪಾರದರ್ಶಕವಾಗಿರುತ್ತದೆ, ಬೆಳಕು ಚದುರದೆ ನೇರವಾಗಿ ದಾಟಿ ಬರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಆ ತೇಪೆಗಳ ಮೂಲಕ ಆಚೆಯ ಬೆರಳಿನ ಗೆರೆಗಳೂ ಕಾಣುತ್ತವೆ. ಸ್ಟೇಷನರಿ ಅಂಗಡಿಯಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್‌ಗೆಂದು ಮಾರುವ ದಪ್ಪ ಟ್ರೇಸಿಂಗ್ ಪೇಪರ್‌ನ ಒಂದು ಹಾಳೆ ಸಾಕು.

ಡಬ್ಬಿಯ ಕೆಳ ಅಂಚಿನಲ್ಲಿ ಲೆನ್ಸಿನ ಕೊಳವೆ ಕೂರುವಂತೆ ಅರ್ಧಚಂದ್ರಾಕಾರದ ಕಚ್ಚು ಮಾಡಿ, ಒಂದು ರಬ್ಬರ್ ಬ್ಯಾಂಡ್‌ನಿಂದ ಕೊಳವೆಗೆ ಬಿಗಿಯಬೇಕು. ಲೆನ್ಸಿನ ಝೂಮ್ ಉಂಗುರವನ್ನು ರಬ್ಬರ್ ಬ್ಯಾಂಡ್ ಹಿಡಿದುಕೊಳ್ಳಬಾರದು. ಬಳಿಕ ಅತಿ ಅಗಲದ ನೋಟಕ್ಕೆ, ಸಾಮಾನ್ಯವಾಗಿ 18 ಮಿಲಿಮೀಟರಿಗೆ, ಝೂಮ್ ಇಳಿಸಿ ಚೌಕಟ್ಟಿನ ಅಂಚು ಚಿತ್ರದ ಮೇಲ್ಭಾಗದಲ್ಲಿ ಇಣುಕುತ್ತಿಲ್ಲವೆಂದು ಖಾತ್ರಿಮಾಡಿಕೊಳ್ಳಬೇಕು.

ಈಗ ಡಿಫ್ಯೂಸರ್‌ನ ಚಿತ್ರವನ್ನೇ ಕನ್ನಡಿಯಲ್ಲಿ ತೆಗೆದು ನೋಡಿದರೆ, ಬಹುತೇಕ ಕಾಗದದ ನಡುವೆ ಒಂದು ಉಜ್ವಲವಾದ ಚುಕ್ಕೆಯೂ ಸುತ್ತ ಮಂಕು ಅಂಚೂ ಕಾಣುತ್ತವೆ. ಬೆಳಕು ಇನ್ನೂ ನಡುವಿನಿಂದಲೇ ಬರುತ್ತಿದೆ, ಮೂಲ ಇನ್ನೂ ಚಿಕ್ಕದಾಗಿಯೇ ಇದೆ ಎಂದು ಇದರ ಅರ್ಥ. ಫ್ಲ್ಯಾಶ್‌ನ ಎದುರಿಗೆ ಬೀಳುವಂತೆ, ಕಾಗದದ ಒಳಬದಿಯಲ್ಲಿ 4 ಸೆಂಟಿಮೀಟರ್ ಅಗಲದ ಇನ್ನೊಂದು ಟ್ರೇಸಿಂಗ್ ತುಂಡನ್ನು ಅಂಟಿಸಿದರೆ ನಡುವಿನ ಬೆಳಕು ತಗ್ಗಿ ಅಂಚುಗಳಿಗೆ ಹಂಚಿಕೆಯಾಗುತ್ತದೆ. ಈ ಸಣ್ಣ ತುಂಡು ಮಾಡುವ ಉಪಕಾರ ದೊಡ್ಡದು, ಇದನ್ನು ಬಿಟ್ಟರೆ ಉಳಿದ ಕೆಲಸವೆಲ್ಲ ಅರ್ಧ ಫಲ ಕೊಡುತ್ತದೆ.

ಬೆಳಕಿನ ನಷ್ಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಈ ಬಗೆಯ ಕ್ಯಾಮೆರಾಗಳ ಒಳಫ್ಲ್ಯಾಶ್‌ನ ಗೈಡ್ ನಂಬರ್ (ಅದರ ಬಲವನ್ನು ಸೂಚಿಸುವ ಸಂಖ್ಯೆ) ಐಎಸ್‌ಒ 100ರಲ್ಲಿ ಸಾಮಾನ್ಯವಾಗಿ 7ರಿಂದ 13 ಮೀಟರಿನೊಳಗೆ ಇರುತ್ತದೆ. ಗೈಡ್ ನಂಬರನ್ನು ಅಪರ್ಚರ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ತಲುಪುವ ದೂರ ಸಿಗುತ್ತದೆ. ಗೈಡ್ ನಂಬರ್ 12 ಇದ್ದು ಎಫ್/4 ಇಟ್ಟರೆ 3 ಮೀಟರ್. ಡಿಫ್ಯೂಸರ್ ಎರಡು ಸ್ಟಾಪ್ ಬೆಳಕು ತಿಂದರೆ ಅದು ಒಂದೂವರೆ ಮೀಟರಿಗೆ ಇಳಿಯುತ್ತದೆ, ಐಎಸ್‌ಒ ಅನ್ನು 400ಕ್ಕೆ ಏರಿಸಿದರೆ ಮತ್ತೆ 3 ಮೀಟರ್ ಆಗುತ್ತದೆ. ಡಿಫ್ಯೂಸರ್ ಹಾಕಿದ ಮೇಲೆ ಚಿತ್ರಗಳು ಕಪ್ಪಾಗುತ್ತಿವೆ ಎಂಬ ದೂರಿಗೆ ಉತ್ತರ ಈ ಲೆಕ್ಕದಲ್ಲೇ ಇದೆ.

ಇಷ್ಟೆಲ್ಲ ಮಾಡಿದ ಮೇಲೆ ಎಷ್ಟು ಮೃದುತ್ವ ನಿರೀಕ್ಷಿಸಬಹುದು? 15 ಸೆಂಟಿಮೀಟರಿನ ಕಾಗದ ಅರ್ಧ ಮೀಟರ್ ದೂರದಿಂದ 17 ಡಿಗ್ರಿಯಷ್ಟು ಅಗಲವಾಗಿ ಕಾಣುತ್ತದೆ, ಎರಡು ಮೀಟರಿನಿಂದ 4 ಡಿಗ್ರಿಯಷ್ಟೇ. ಆದ್ದರಿಂದ ಒಂಟಿ ಗೊಂಬೆ, ಮೆಹಂದಿ ಹಚ್ಚಿದ ಕೈ, ಒಡವೆ, ಆರತಿ ತಟ್ಟೆಯ ರಂಗು ಇಂಥವನ್ನು ಹತ್ತಿರದಿಂದ ತೆಗೆಯುವಾಗ ಫಲ ಎದ್ದು ಕಾಣುತ್ತದೆ. ಹಜಾರದಲ್ಲಿ ಇಡೀ ಕುಟುಂಬವನ್ನು ಮೂರು ಮೀಟರ್ ದೂರದಿಂದ ತೆಗೆಯಲು ಈ ಡಿಫ್ಯೂಸರ್ ಸಾಲದು, ಅಲ್ಲಿ ಅದನ್ನು ಬಿಚ್ಚಿಡುವುದೇ ಸರಿ. ಅಂಥ ಕಡೆ ಜನರನ್ನು ಗೋಡೆಯಿಂದ ಒಂದೂವರೆ ಮೀಟರಾದರೂ ಮುಂದಕ್ಕೆ ಕರೆದು, ಕ್ಯಾಮೆರಾವನ್ನು ಅಡ್ಡಲಾಗಿ ಹಿಡಿದರೆ ನೆರಳು ಅವರ ಬೆನ್ನ ಹಿಂದೆ ಕೆಳಕ್ಕೆ ಜಾರುತ್ತದೆ, ಗೋಡೆಗೂ ಬೆಳಕು ಕಡಿಮೆ ಬೀಳುವುದರಿಂದ ಉಳಿದ ನೆರಳು ಅಷ್ಟಾಗಿ ಕಣ್ಣಿಗೆ ಹೊಡೆಯುವುದಿಲ್ಲ. ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಫ್ಲ್ಯಾಶ್ ಲೆನ್ಸಿನ ಪಕ್ಕಕ್ಕೆ ಬಂದು ನೆರಳು ಮುಖದ ಮಗ್ಗುಲಿಗೇ ಬೀಳುತ್ತದೆ.

ಸೂರಿಗೆ ಬೆಳಕು ಹಾಯಿಸುವುದು

ಹಜಾರದ ಗುಂಪಿಗೆ ನಿಜವಾದ ಪರಿಹಾರ ಇದು. ಬಿಳಿ ರಟ್ಟಿನ ತುಂಡನ್ನು ಫ್ಲ್ಯಾಶ್‌ನ ಮುಂದೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿದರೆ ಬೆಳಕು ಮೇಲಕ್ಕೆ ಹೋಗಿ, ಸೂರಿನ ಒಂದು ದೊಡ್ಡ ಭಾಗವೇ ಬೆಳಕಿನ ಮೂಲವಾಗುತ್ತದೆ. ಬೆಳಕು ಸಾಗುವ ದಾರಿ ಉದ್ದವಾಗುವುದರಿಂದಲೂ ಸೂರು ಅದನ್ನು ಎಲ್ಲ ದಿಕ್ಕಿಗೂ ಚೆಲ್ಲುವುದರಿಂದಲೂ ಐಎಸ್‌ಒ 800ರಿಂದ 1600, ಅಪರ್ಚರ್ ಎಫ್/4 ಅಥವಾ ಅದಕ್ಕಿಂತ ತೆರೆದದ್ದು ಬೇಕಾಗುತ್ತದೆ. ರಟ್ಟು ಬೆಳಕನ್ನು ಪೂರ್ತಿ ತಡೆದರೆ ಕಣ್ಣಿನ ಗುಳಿಗಳು ಕಪ್ಪಾಗುತ್ತವೆ, ಹಾಗಾಗಿ ತುಸು ಬೆಳಕು ಮುಂದಕ್ಕೂ ಸೋಸಿ ಬರುವ ತೆಳು ಬಿಳಿ ಕಾರ್ಡು ಮೇಲು.

ಆದರೆ ಇದು ಮನೆಯನ್ನು ಅವಲಂಬಿಸಿದ ಉಪಾಯ. ಹತ್ತಡಿ ಎತ್ತರದ, ಬಿಳಿ ಬಣ್ಣ ಬಳಿದ ಆರ್‌ಸಿಸಿ ಸೂರಿನ ಕೋಣೆಯಲ್ಲಿ ಚೆನ್ನಾಗಿ ನಡೆಯುತ್ತದೆ. ಹಳೆಯ ಮೈಸೂರಿನ ಮದ್ರಾಸ್ ತಾರಸಿಯ ಎತ್ತರದ ಸೂರು, ಕಪ್ಪಾದ ತೊಲೆಗಳು, ಮಂಡ್ಯದ ಹಳ್ಳಿಗಳ ಹೆಂಚಿನ ಮಾಡು, ಇವು ಬೆಳಕನ್ನು ನುಂಗಿಬಿಡುತ್ತವೆ. ಅಲ್ಲಿ ಇಬ್ಬರ ಕೈಗೆ ಒಂದು ಬಿಳಿ ಪಂಚೆ ಕೊಟ್ಟು ಎತ್ತರದಲ್ಲಿ ಬಿಡಿಸಿ ಹಿಡಿಸಿದರೆ ಅದೇ ಸೂರಾಗುತ್ತದೆ. ಹಸಿರು ಅಥವಾ ನೀಲಿ ಬಣ್ಣದ ಗೋಡೆಗಳಿದ್ದರೆ ಅವುಗಳಿಗೆ ತಗುಲಿದ ಬೆಳಕು ಅದೇ ಬಣ್ಣ ಹೊತ್ತು ಮುಖಕ್ಕೆ ಬರುತ್ತದೆ. ನೇರ ಬೆಳಕೂ ಬಣ್ಣದ ಬೆಳಕೂ ಕಲೆತಿರುವುದರಿಂದ ಕ್ಯಾಮೆರಾದಲ್ಲಿ ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್‌ನಿಂದ ಅದನ್ನು ಪೂರ್ತಿ ತಿದ್ದಲಾಗದು.

ಪಿಂಗ್‌ಪಾಂಗ್ ಚೆಂಡು, ಹಳೆಯ ಫಿಲ್ಮ್ ರೋಲಿನ ಅರೆಪಾರದರ್ಶಕ ಬಿಳಿ ಡಬ್ಬಿ, ಮೊಸರಿನ ಬಿಳಿ ಕಪ್ ಇವೆಲ್ಲ ಬೆಳಕನ್ನು ಎಲ್ಲ ಕಡೆಗೆ ಚದುರಿಸುವ ಬಗೆಯವು. ಅವು ಸಣ್ಣ ಬಿಳಿ ಕೋಣೆಯಲ್ಲಿ ಮಾತ್ರ ಉಪಯುಕ್ತ. ಅಂಗಳದಲ್ಲಿ ಹಾಕಿದರೆ ಚದುರಿದ ಬೆಳಕು ಹಿಂದಿರುಗಿ ಬರಲು ಏನೂ ಇರುವುದಿಲ್ಲ, ಕೆಂಪು ಶಾಮಿಯಾನದ ಕೆಳಗೆ ಹಾಕಿದರೆ ಎಲ್ಲರ ಮುಖವೂ ಕೆಂಪಾಗುತ್ತದೆ.

ಹೊಳಪಿನ ಚುಕ್ಕೆ

ಅರಗಿನ ಮೆರುಗಿನ ಚನ್ನಪಟ್ಟಣದ ಗೊಂಬೆ, ಬೆಳ್ಳಿ ಚೊಂಬು, ಮೈಸೂರು ರೇಷ್ಮೆಯ ಜರಿ, ಗಾಜು ಹಾಕಿದ ಚಿತ್ರಪಟ ಇವುಗಳಲ್ಲಿ ಬಿಳಿ ಚುಕ್ಕೆ ಮೂಡುವುದು ಫ್ಲ್ಯಾಶ್ ಲೆನ್ಸಿನ ಪಕ್ಕದಲ್ಲೇ ಇರುವ ಕಾರಣದಿಂದ. ಬಿದ್ದ ಕೋನದಲ್ಲೇ ಬೆಳಕು ಪ್ರತಿಫಲಿಸುವುದರಿಂದ, ಲೆನ್ಸಿಗೆ ನೇರ ಎದುರಾಗಿರುವ ಮೇಲ್ಮೈ ಅದನ್ನು ಲೆನ್ಸಿಗೇ ಮರಳಿಸುತ್ತದೆ. ಡಿಫ್ಯೂಸರ್ ಆ ಚುಕ್ಕೆಯನ್ನು ಅಗಲ ಮಾಡಿ ತೀವ್ರತೆಯನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ದುಂಡಗಿನ ಗೊಂಬೆಗೆ ಅಷ್ಟು ಸಾಕು. ಚಪ್ಪಟೆಯಾದ ಗಾಜಿಗೆ ಸಾಲದು, ಅಲ್ಲಿ ಓರೆಯಾಗಿ ನಿಂತು ತೆಗೆಯಬೇಕು.

ಮೈಸೂರು ಶೈಲಿಯ ಚಿತ್ರಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಒಳಫ್ಲ್ಯಾಶ್ ಬಳಸಲೇಬಾರದು. ಚಿನ್ನದ ರೇಕಿನ ಅಡಿಯಲ್ಲಿರುವ ಗೆಸ್ಸೊ ಎಂಬ ಲೇಪದ ಕೆಲಸದ ಉಬ್ಬು ತೀರ ನವಿರಾದದ್ದು, ಅದು ಕಾಣಬೇಕಾದರೆ ಬೆಳಕು ಮಗ್ಗುಲಿನಿಂದ ಬೀಳಬೇಕು. ಎದುರಿನಿಂದ ಬಡಿದ ಬೆಳಕಿನಲ್ಲಿ ಆ ಕುಸುರಿಯೆಲ್ಲ ಒಂದೇ ಹಳದಿ ತೇಪೆಯಾಗಿಬಿಡುತ್ತದೆ. ಕಿಟಕಿಯ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ತೆಗೆಯುವುದೇ ಸರಿಯಾದ ಕ್ರಮ.

ಬಣ್ಣ ಬೇರೆಯಾಗುವುದು, ಹಿನ್ನೆಲೆ ಕಪ್ಪಾಗುವುದು

ಫ್ಲ್ಯಾಶ್‌ನ ಬೆಳಕಿನ ಬಣ್ಣ ಸುಮಾರು 5500 ಕೆಲ್ವಿನ್ (ಈ ಸಂಖ್ಯೆ ಇಳಿದಷ್ಟೂ ಬೆಳಕು ಕಿತ್ತಳೆಯತ್ತ ತಿರುಗುತ್ತದೆ), ಹಳದಿ ಬಲ್ಬಿನದು ಸುಮಾರು 2700, ಎಣ್ಣೆದೀಪದ್ದು ಇನ್ನೂ ಕಡಿಮೆ. ಗೊಂಬೆ ಆರತಿಯ ಹೊತ್ತಿಗೆ ಮುಖ ನೀಲಿ ಛಾಯೆಗೂ ಹಿನ್ನೆಲೆ ಕಿತ್ತಳೆಗೂ ತಿರುಗುವುದು ಇದರಿಂದ. ತೆಳು ಕಿತ್ತಳೆ ಜಿಲಾಟಿನ್ ಕಾಗದದ ಒಂದು ಪದರವನ್ನು ಡಿಫ್ಯೂಸರ್‌ನ ಒಳಗೆ ಸೇರಿಸಿ, ವೈಟ್ ಬ್ಯಾಲೆನ್ಸ್ ಅನ್ನು ಬಲ್ಬಿನ ಗುರುತಿಗೆ ಇಟ್ಟರೆ ಎರಡೂ ಹತ್ತಿರವಾಗುತ್ತವೆ. ಬಿಳಿ ಎಲ್‌ಇಡಿ ಟ್ಯೂಬ್ ಇರುವ ಕೋಣೆಯಲ್ಲಿ ಇದು ಬೇಡ. ಜಿಲಾಟಿನ್ ಇಲ್ಲದೆಯೂ ಚಿತ್ರಗಳು ಹಳದಿಯಾಗುತ್ತಿದ್ದರೆ ಟ್ರೇಸಿಂಗ್ ಪೇಪರ್ ಹಳತಾಗಿ ಬಣ್ಣಗೆಟ್ಟಿರಬಹುದು, ಒಂದು ಬಿಳಿ ಹಾಳೆಯ ಚಿತ್ರ ತೆಗೆದರೆ ಗೊತ್ತಾಗುತ್ತದೆ.

ಹಿನ್ನೆಲೆ ಕಪ್ಪಾಗುತ್ತಿದ್ದರೆ ಶಟರ್ ಅನ್ನು 1/200ರಿಂದ 1/30ಕ್ಕೆ ಇಳಿಸಿ, ಐಎಸ್‌ಒ 800 ಇಟ್ಟು, ಫ್ಲ್ಯಾಶ್ ಅನ್ನು ಒಂದು ಸ್ಟಾಪ್ ತಗ್ಗಿಸಬೇಕು. ಆಗ ದೀಪಗಳ ಬೆಳಕಿಗೆ ಚಿತ್ರದಲ್ಲಿ ಮೂಡಲು ಕಾಲಾವಕಾಶ ಸಿಗುತ್ತದೆ. ಮೊಣಕೈಯನ್ನು ಕಂಬಕ್ಕೋ ಮೇಜಿಗೋ ಊರಿಕೊಂಡರೆ ಅಲುಗಾಟ ಇರದು. ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳ ದೀಪಾಲಂಕಾರವನ್ನು ತೆಗೆಯುವಾಗಲಂತೂ ಫ್ಲ್ಯಾಶ್ ಮುಚ್ಚಿಯೇ ಇರಬೇಕು. ಕೆಲವೇ ಮೀಟರ್ ತಲುಪುವ ಬೆಳಕು ಮುಂದೆ ನಿಂತವರ ತಲೆಗಳನ್ನಷ್ಟೇ ಬೆಳಗುತ್ತದೆ.

ಡಿಫ್ಯೂಸರ್‌ನಿಂದ ಹೋಗದ ದೋಷಗಳು

ಚಿತ್ರದ ಕೆಳಗೆ ಅರ್ಧಚಂದ್ರಾಕಾರದ ಕಪ್ಪು ಬಿದ್ದಿದ್ದರೆ ಅದು ಲೆನ್ಸಿನ ಅಥವಾ ಲೆನ್ಸ್ ಹುಡ್‌ನ ನೆರಳು. ಹುಡ್ ಕಳಚಿ, ವಸ್ತುವಿನಿಂದ ಒಂದು ಮೀಟರಿಗಿಂತ ದೂರ ಸರಿದು ತುಸು ಝೂಮ್ ಮಾಡಿದರೆ ಹೋಗುತ್ತದೆ. ಕೆಂಗಣ್ಣಿಗೆ ಕಾರಣ ಕತ್ತಲಲ್ಲಿ ಅಗಲವಾದ ಪಾಪೆಯೊಳಗಿನ ರೆಟಿನಾಕ್ಕೆ ತಗುಲಿ ನೇರವಾಗಿ ಲೆನ್ಸಿಗೆ ಮರಳುವ ಬೆಳಕು, ಕೋಣೆಯ ದೀಪಗಳನ್ನೆಲ್ಲ ಹಾಕುವುದು ಸುಲಭದ ಉಪಾಯ.

ಚಿತ್ರದ ತುಂಬ ಬಿಳಿ ಮಬ್ಬು ಅಥವಾ ದುಂಡು ಚುಕ್ಕೆಗಳಿದ್ದರೆ ಲೆನ್ಸಿನ ಮುಂದಿನ ಗಾಳಿಯಲ್ಲಿ ಅಗರಬತ್ತಿಯ ಅಥವಾ ಸಾಂಬ್ರಾಣಿಯ ಹೊಗೆ, ಇಲ್ಲವೇ ಧೂಳು ಇದೆ. ಮಂಡ್ಯದ ಆಲೆಮನೆಗಳಲ್ಲಿ ಇದು ಅತಿ ಹೆಚ್ಚು: ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಏಳುವ ಹಬೆಯ ಕಣಗಳು ಕ್ಯಾಮೆರಾಗೆ ಅತಿ ಹತ್ತಿರವಿರುವುದರಿಂದ ಫ್ಲ್ಯಾಶ್‌ನ ಬಲವೆಲ್ಲ ಅವಕ್ಕೇ ತಗುಲಿ, ಬೆಲ್ಲ ಕಾಯಿಸುವವರು ಮಬ್ಬಿನ ಹಿಂದೆ ಮರೆಯಾಗುತ್ತಾರೆ. ಇಲ್ಲಿ ಡಿಫ್ಯೂಸರ್ ಬದಲಿಸುತ್ತಾ ಕೂರದೆ ಫ್ಲ್ಯಾಶ್ ಮುಚ್ಚಿ, ಐಎಸ್‌ಒ ಏರಿಸಿ, ಒಲೆಯ ಬೆಂಕಿಯ ಬೆಳಕನ್ನೇ ನಂಬಬೇಕು. ಅದೇ ಬೆಳಕು ಹಿಂದಿನಿಂದ ಹಾದರೆ ಹಬೆ ಎಷ್ಟು ಚೆಂದ ಕಾಣುತ್ತದೆ ಎಂಬುದನ್ನು ಒಮ್ಮೆ ತೆಗೆದು ನೋಡಬೇಕು.

ಫ್ಲ್ಯಾಶ್ ಏಳದಿದ್ದರೆ, ಮಿನುಗದಿದ್ದರೆ

ಡಿಫ್ಯೂಸರ್ ಕಟ್ಟಿದ ಮೇಲೆಯೇ ಈ ತೊಂದರೆ ಶುರುವಾಗಿದ್ದರೆ ರಬ್ಬರ್ ಬ್ಯಾಂಡ್ ಅಥವಾ ರಟ್ಟು ಫ್ಲ್ಯಾಶ್‌ನ ತಲೆಯನ್ನು ಅದುಮುತ್ತಿರಬಹುದು. ತಲೆ ಪೂರ್ತಿ ಮೇಲೇಳದಿದ್ದರೆ ಕ್ಯಾಮೆರಾ ಅದನ್ನು ಮುಚ್ಚಿದೆಯೆಂದೇ ತಿಳಿಯುತ್ತದೆ. ಒಂದರ ಹಿಂದೊಂದು ಚಿತ್ರ ತೆಗೆಯುವಾಗ ನಡುನಡುವೆ ಮಿನುಗದಿದ್ದರೆ, ಡಿಫ್ಯೂಸರ್‌ನ ನಷ್ಟ ತುಂಬಲು ಫ್ಲ್ಯಾಶ್ ಪ್ರತಿ ಸಲವೂ ಪೂರ್ಣ ಬಲದಲ್ಲಿ ಕೆಲಸ ಮಾಡುತ್ತಿದೆ, ಮತ್ತೆ ಚಾರ್ಜ್ ಆಗಲು ಅದಕ್ಕೆ ಕೆಲವು ಸೆಕೆಂಡು ಬೇಕು ಎಂದರ್ಥ. ಐಎಸ್‌ಒ ಏರಿಸಿದರೆ ಈ ಹೊರೆ ಇಳಿಯುತ್ತದೆ. ಸುಟ್ಟ ವಾಸನೆ ಬಂದರೆ ಕಾಗದವೋ ಬಟ್ಟೆಯೋ ಕಿಟಕಿಗೆ ತಾಗಿದೆ, ಒಡನೆ ತೆಗೆದು ಒಂದು ಸೆಂಟಿಮೀಟರಾದರೂ ಅಂತರ ಬಿಡಬೇಕು.

ಇವೆಲ್ಲ ನೋಡಿದ ಮೇಲೂ ಫ್ಲ್ಯಾಶ್ ಮಿನುಗದಿದ್ದರೆ ದೋಷ ಒಳಗಿನದು. ಆಗ ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚಬಾರದು. ಒಳಗಿರುವ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದಿಟ್ಟಿರುತ್ತದೆ, ಬ್ಯಾಟರಿ ತೆಗೆದ ಬಳಿಕವೂ ಆ ವಿದ್ಯುತ್ತು ಬಹಳ ಹೊತ್ತು ಉಳಿದು ಜೋರಾದ ಆಘಾತ ಕೊಡಬಲ್ಲದು. ಅದನ್ನು ಸುರಕ್ಷಿತವಾಗಿ ಖಾಲಿ ಮಾಡಲು ಬಲ್ಲ ರಿಪೇರಿಯವರ ಕೈಗೇ ಕೊಡಬೇಕು. ಕೊಡುವಾಗ ಡಿಫ್ಯೂಸರ್ ಇಲ್ಲದೆ ತೆಗೆದ ಕೊನೆಯ ಒಂದೆರಡು ಚಿತ್ರಗಳನ್ನೂ ತೋರಿಸಿದರೆ ಅವರು ದೋಷವನ್ನು ಬೇಗ ಗುರುತಿಸುತ್ತಾರೆ.